ಕಳೆಯೋ ಲೆಕ್ಕಕ್ಕೆ ಚಿತ್ರಪುಸ್ತಕ

ಒಂದನೇ ಕ್ಲಾಸಿನ ಮಗಳಿಗೆ ಕೂಡೋದು ಬರುತ್ತೆ, ಕಳೆಯೋದು ಬರಲ್ಲ, ಚಿತ್ರಪುಸ್ತಕದಿಂದ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಮೊದಲ ಸಲ ಸುಮ್ನೆ ಕಥೆ ಓದಿ, ಲೆಕ್ಕ ಕೇಳಬೇಡಿ. ಎರಡನೇ ಸಲ ಓದುವಾಗ ಚಿತ್ರದ ಮರದಲ್ಲಿ 7 ಗಿಳಿ ಇದ್ದರೆ, 2 ಗಿಳಿಗಳನ್ನು ಅಂಗೈಯಿಂದ ಮುಚ್ಚಿ. "ಇವು ಹಾರಿಹೋದವು, ಉಳಿದದ್ದೆಷ್ಟು?" ಅನ್ನಿ. ಆಮೇಲೆ ಕೈ ತೆಗೆದು 5ಕ್ಕೆ 2 ಸೇರಿಸಿ ತೋರಿಸಿ. ಕೂಡೋದು ಕಳೆಯೋದು ಎರಡೂ ಅಣ್ಣತಮ್ಮಂದಿರು ಅಂತ ಅವಳಿಗೇ ಹೊಳೆಯುತ್ತದೆ.

"ಯಾವುದು ಎಷ್ಟು ಜಾಸ್ತಿ?" ಅನ್ನುವುದೂ ಕಳೆಯುವ ಲೆಕ್ಕವೇ, ಆದರೆ ಮಕ್ಕಳಿಗೆ ಅದು ಇನ್ನೂ ಕಷ್ಟ. ಅದಕ್ಕೆ ಮೆಕ್ಕೆಜೋಳದ ಕಾಳನ್ನು ಎರಡು ಸಾಲಲ್ಲಿ ಜೋಡಿಸಿ, ಜೋಡಿ ಸಿಗದ ಕಾಳು ಎಣಿಸಲಿ. ಅಳತೆ ಕಲಿಸೋಕೆ ನಮ್ಮ ದಾವಣಗೆರೆ ಮಂಡಕ್ಕಿ ಇದೆಯಲ್ಲ! ಡಬ್ಬಿಗೆ ಎಷ್ಟು ಲೋಟ ಹಿಡಿಯುತ್ತೆ ಅಂತ ಅಳೆಯಲಿ. (ನಮ್ಮನೇಲಿ ಅಳೆಯೋದರೊಳಗೆ ಅರ್ಧ ಖಾಲಿ.) ಪುಸ್ತಕ ಕೊಳ್ಳಲೇಬೇಕಿಲ್ಲ, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದವು ಉಚಿತವಾಗಿ ಸಿಗುತ್ತವೆ.