ಮೆಥನಾಲ್ ಎಂಜಿನ್ 15:1 ಸಂಕೋಚನವನ್ನು ತಾಳುವುದು ಹೇಗೆ?

ಪ್ರಶ್ನೆ: ಸ್ಪೀಡ್‌ವೇ ರೇಸಿನ (ಮಣ್ಣಿನ ಅಂಡಾಕಾರದ ಟ್ರ್ಯಾಕಿನಲ್ಲಿ ನಡೆಯುವ ಬೈಕ್ ರೇಸು) 500 ಸಿಸಿ ಬೈಕ್‌ಗಳು ಮೆಥನಾಲ್ ಎಂಬ ಆಲ್ಕೋಹಾಲಿನಿಂದ ಓಡುತ್ತವೆ, ಅವುಗಳಲ್ಲಿ ಸಂಕೋಚನ ಅನುಪಾತ (ಗಾಳಿ-ಇಂಧನದ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಕಡಿಮೆ ಜಾಗಕ್ಕೆ ಒತ್ತುತ್ತದೆ ಎಂಬ ಲೆಕ್ಕ) 15:1ರ ಆಸುಪಾಸಿನಲ್ಲಿರುತ್ತದೆ ಎಂದು ಓದಿದೆ. ನಮ್ಮ ಪೆಟ್ರೋಲ್ ಬೈಕ್‌ಗಳಲ್ಲಿ ಅದು ಸುಮಾರು 10:1. ಹಾಗಾದರೆ ಮೆಥನಾಲ್‌ನಲ್ಲಿ ಪೆಟ್ರೋಲಿಗಿಂತ ಹೆಚ್ಚು ಶಕ್ತಿ ಇದೆಯೆ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ತೂಕಕ್ಕೆ ತೂಕ ಹೋಲಿಸಿದರೆ ಮೆಥನಾಲ್‌ನ ಶಕ್ತಿ ಪೆಟ್ರೋಲಿನ ಅರ್ಧಕ್ಕಿಂತಲೂ ಕಡಿಮೆ. ಅದರ ಹೆಚ್ಚುಗಾರಿಕೆ ಇರುವುದು ತಂಪು ಮಾಡುವ ಗುಣದಲ್ಲಿ.

500 ಸಿಸಿಯ ಒಂದೇ ಸಿಲಿಂಡರಿನಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗ 10:1ರಲ್ಲಿ ಸುಮಾರು 56 ಸಿಸಿ, 15:1ರಲ್ಲಿ ಸುಮಾರು 36 ಸಿಸಿ. ನಾಲ್ಕು ಟೀ ಚಮಚದಷ್ಟು ಜಾಗ ಕಡಿಮೆಯಾದರೆ ಆದರ್ಶ ಎಂಜಿನ್ನಿನ ಲೆಕ್ಕದಲ್ಲಿ ದಕ್ಷತೆ ಶೇ. 60ರಿಂದ ಶೇ. 66ಕ್ಕೆ ಏರುತ್ತದೆ; ನಿಜವಾದ ಎಂಜಿನ್ನಿನಲ್ಲಿ ಅಂಕಿಗಳು ಇದಕ್ಕಿಂತ ಕಡಿಮೆಯಿದ್ದರೂ ಏರಿಕೆಯ ದಿಕ್ಕು ಇದೇ. ಅಷ್ಟು ಒತ್ತಿದ ಸಾಮಾನ್ಯ ಪೆಟ್ರೋಲ್ ಮಿಶ್ರಣವು ಬಿಸಿಯೇರಿ, ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್.

ಮೆಥನಾಲ್‌ನ ಆಕ್ಟೇನ್ ಸಂಖ್ಯೆ (ನಾಕಿಂಗನ್ನು ತಡೆಯುವ ಶಕ್ತಿಯ ಅಳತೆ) ಹೆಚ್ಚು ಎಂಬುದು ಉತ್ತರದ ಒಂದು ಭಾಗ ಮಾತ್ರ. ಒಂದು ಕಿಲೋ ಗಾಳಿಗೆ ಪೆಟ್ರೋಲ್ ಸುಮಾರು 68 ಗ್ರಾಂ ಸಾಕಾದರೆ ಮೆಥನಾಲ್ ಸುಮಾರು 155 ಗ್ರಾಂ ಬೇಕು; ಮೇಲಾಗಿ ಪ್ರತಿ ಗ್ರಾಂ ಮೆಥನಾಲ್ ಆವಿಯಾಗುವಾಗ ಹೀರುವ ಶಾಖ ಪೆಟ್ರೋಲಿನ ಮೂರು ಪಟ್ಟು. ಎರಡನ್ನೂ ಸೇರಿಸಿದರೆ ತಂಪು ಸುಮಾರು ಏಳು ಪಟ್ಟಾಗುತ್ತದೆ. ಓಡುತ್ತಿರುವ ಎಂಜಿನ್ನಿನ ಗಾಳಿ ಒಳಹೋಗುವ ಕೊಳವೆ ಹೊರಗೆ ಬೆವರಿ, ಕೆಲವೊಮ್ಮೆ ಬಿಳಿಯ ಹಿಮ ಕಟ್ಟುವುದು ಇದರಿಂದಲೇ. ಇಂಧನವನ್ನು ಇಷ್ಟು ಹೆಚ್ಚಾಗಿ ಉರಿಸುವುದರಿಂದ, ಅದೇ ಗಾಳಿಯಿಂದ ಸಿಗುವ ಶಕ್ತಿಯೂ ಪೆಟ್ರೋಲಿಗಿಂತ ತುಸು ಹೆಚ್ಚೇ ಆಗುತ್ತದೆ.

ಆದರೂ ಸಂಕೋಚನಕ್ಕೆ ಮಿತಿಯಿದೆ, ಮತ್ತು ಅನೇಕರು ಎಡವುವುದು ಇಲ್ಲಿಯೇ. ನಾಕಿಂಗನ್ನು ಚೆನ್ನಾಗಿ ತಡೆಯುವ ಮೆಥನಾಲ್, ಕಾದು ಕೆಂಪಾದ ಪ್ಲಗ್ಗಿನ ತುದಿ ಅಥವಾ ಎಕ್ಸಾಸ್ಟ್ ವಾಲ್ವ್ ತಗುಲಿದರೆ ಪೆಟ್ರೋಲಿಗಿಂತ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಹಾಗೆ ಹೊತ್ತಿಕೊಂಡರೆ ಅದರ ತಲೆಯೇ ತೂತಾಗಬಹುದು. ಆದ್ದರಿಂದ ಬೇಗ ಶಾಖ ಬಿಟ್ಟುಕೊಡುವ ‘ಕೋಲ್ಡ್’ ಪ್ಲಗ್ಗನ್ನೇ ಹಾಕುತ್ತಾರೆ, ಮಿಶ್ರಣದಲ್ಲಿ ಇಂಧನವನ್ನು ಬೇಕಾದುದಕ್ಕಿಂತ ಹೆಚ್ಚೇ ಇಡುತ್ತಾರೆ.

ಅಮೆರಿಕದ ಇಂಡಿಯಾನಾಪೊಲಿಸ್ ಕಾರ್ ರೇಸಿನಲ್ಲಿ 1964ರ ಪೆಟ್ರೋಲ್ ಬೆಂಕಿ ಚಾಲಕರಾದ ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮ್ಯಾಕ್‌ಡೊನಾಲ್ಡ್ ಅವರನ್ನು ಬಲಿ ತೆಗೆದುಕೊಂಡ ಮೇಲೆ ಅಲ್ಲಿ ಪೆಟ್ರೋಲಿನ ಬದಲು ಮೆಥನಾಲ್ ರೂಢಿಯಾದದ್ದಕ್ಕೆ, ಅದರ ಬೆಂಕಿಯನ್ನು ನೀರಿನಿಂದ ಆರಿಸಬಹುದೆಂಬುದೂ ಕಾರಣ. ಆ ಕಾರುಗಳಿಗೆ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಬಂದಾಗ ಸಂಕೋಚನ ಅನುಪಾತವನ್ನು ಮತ್ತೆ ತಗ್ಗಿಸಬೇಕಾಯಿತು, ಏಕೆಂದರೆ ಗಾಳಿಯನ್ನು ಟರ್ಬೊ ಮೊದಲೇ ಒತ್ತಿರುತ್ತದೆ.

ನಿಮ್ಮ ಬೈಕಿಗೆ ಮೆಥನಾಲ್ ತುಂಬಿ ನೋಡಬೇಡಿ: ಪೆಟ್ರೋಲಿಗೆ ಹೊಂದಿಸಿದ ಜೆಟ್ಟು (ಕಾರ್ಬುರೇಟರಿನಲ್ಲಿ ಇಂಧನ ಹೊರಬರುವ ಸಣ್ಣ ರಂಧ್ರ) ಅಥವಾ ಇಂಜೆಕ್ಟರು ಎರಡು ಪಟ್ಟಿಗೂ ಮೀರಿದ ಇಂಧನವನ್ನು ಬಿಡಲಾರದು, ಅಲ್ಯೂಮಿನಿಯಂ ಭಾಗಗಳು ಮತ್ತು ಕೆಲವು ಬಗೆಯ ರಬ್ಬರು ಅದಕ್ಕೆ ತಾಳುವುದಿಲ್ಲ.