ದಣಿದದ್ದು ನೀವೋ, ಸಿನಿಮಾವೋ?

ಓದುಗರ ಪತ್ರ: "ವಾರವಿಡೀ ತಲೆ ಎತ್ತಲೂ ಪುರುಸೊತ್ತಿಲ್ಲದಷ್ಟು ಕೆಲಸವಿತ್ತು. ಶುಕ್ರವಾರ ರಾತ್ರಿ ಕೊನೆಯ ಆಟಕ್ಕೆ ಹೋಗಿ, ತಿಂಗಳುಗಟ್ಟಲೆ ಕಾದಿದ್ದ ಸೂಪರ್‌ಹೀರೋ ಸಿನಿಮಾವನ್ನು 3ಡಿಯಲ್ಲಿ ನೋಡಿದೆ. ಕೊನೆಯ ಹೊಡೆದಾಟವೇ ಅರ್ಧ ಗಂಟೆ. ಅಷ್ಟು ಗದ್ದಲದಲ್ಲೂ ತೂಕಡಿಸಿದೆ. ಚಿತ್ರವೆಲ್ಲ ಮಬ್ಬಾಗಿ ಕಂಡಿತು, ತಲೆನೋವೂ ಬಂತು. ಸಿನಿಮಾ ಚೆನ್ನಾಗಿರಲಿಲ್ಲವೋ, ನಾನೇ ನೋಡುವ ಸ್ಥಿತಿಯಲ್ಲಿರಲಿಲ್ಲವೋ?"

ಸಂಪಾದಕರ ಉತ್ತರ:

ನೀವು ಇಬ್ಬರ ಮೇಲೆ ಅನುಮಾನ ಪಟ್ಟಿದ್ದೀರಿ. ಮೂರನೆಯದೊಂದು ಬಿಟ್ಟುಹೋಗಿದೆ: ಪ್ರೊಜೆಕ್ಟರ್. ಮಬ್ಬಿನ ದೂರು ಬಹುಮಟ್ಟಿಗೆ ಅದಕ್ಕೇ ಸಲ್ಲಬೇಕು, ತಲೆನೋವಿನಲ್ಲೂ ಅದರ ಪಾಲು ಇದ್ದೀತು.

2ಡಿ ಪ್ರದರ್ಶನಕ್ಕೆ ಪರದೆಯ ನಡುಮಧ್ಯದಲ್ಲಿ ಇರಬೇಕಾದ ಬೆಳಕು, ಹೊಳಪಿನ ಅಳತೆಯಲ್ಲಿ ಹೇಳುವುದಾದರೆ, 14 ಫುಟ್‌-ಲ್ಯಾಂಬರ್ಟ್, ಅಂದರೆ ಚದರ ಮೀಟರಿಗೆ 48 ಕ್ಯಾಂಡೆಲಾ. 3ಡಿಯಲ್ಲಿ ಫಿಲ್ಟರು ಮತ್ತು ಕನ್ನಡಕ ಸೇರಿ ಬೆಳಕಿನ ದೊಡ್ಡ ಪಾಲನ್ನು ನುಂಗುತ್ತವೆ. ಕಣ್ಣಿಗೆ ತಲುಪುವುದು ಹಲವು ಕಡೆ 4.5 ಫುಟ್‌-ಲ್ಯಾಂಬರ್ಟಿನ ಆಸುಪಾಸು, ಕೆಲವೆಡೆ ಅದಕ್ಕೂ ಕಡಿಮೆ. ಮೊದಲೇ ಕತ್ತಲಲ್ಲಿ, ಮಳೆಯಲ್ಲಿ, ಹೊಗೆಯಲ್ಲಿ ನಡೆಯುವ ಹೊಡೆದಾಟವನ್ನು ಮೂರನೇ ಒಂದು ಭಾಗದ ಬೆಳಕಿನಲ್ಲಿ ನೋಡಿದರೆ ಕಣ್ಣು ಸೋಲದೆ ಇರುತ್ತದೆಯೇ? ರಾತ್ರಿಯ ದೃಶ್ಯಗಳೇ ಹೆಚ್ಚಿರುವ ಚಿತ್ರವನ್ನು 2ಡಿಯಲ್ಲೇ ನೋಡಿ. 2ಡಿಯೂ ಮಂಕಾಗಿದ್ದರೆ, 3ಡಿಗೆಂದು ಮುಂದೆ ಜೋಡಿಸಿದ ಸಾಧನವನ್ನು ತೆಗೆಯಲು ಮರೆತಿರಬಹುದು. ಚಿತ್ರ ಶುರುವಾಗುವ ಮೊದಲು, ಟ್ರೇಲರ್ ಓಡುವಾಗಲೇ ಎದ್ದುಹೋಗಿ ಸಿಬ್ಬಂದಿಗೆ ಹೇಳಿ. ಅರ್ಧ ಚಿತ್ರ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಇನ್ನು ತೂಕಡಿಕೆ. ಅದನ್ನು ಚಿತ್ರದ ಮೇಲಿನ ತೀರ್ಪೆಂದು ಎಣಿಸಬೇಡಿ. ದಿನಕ್ಕೆ ಒಂದೂವರೆ ಗಂಟೆಯಂತೆ ಐದು ರಾತ್ರಿ ನಿದ್ದೆ ಕಳೆದುಕೊಂಡರೆ ಬಾಕಿ ಏಳೂವರೆ ಗಂಟೆ, ಹೆಚ್ಚುಕಡಿಮೆ ಒಂದು ಇಡೀ ರಾತ್ರಿಯ ನಿದ್ದೆ. ಕೆಲಸದ ಒತ್ತಡದಲ್ಲಿ ಅಡಗಿದ್ದ ಈ ಸಾಲ ಕತ್ತಲ ಕೋಣೆ, ಮೆತ್ತನೆಯ ಕುರ್ಚಿ ಸಿಕ್ಕ ಕೂಡಲೇ ವಸೂಲಿಗೆ ಬರುತ್ತದೆ. ಗೊತ್ತೇ ಆಗದಂತೆ ಐದು ಸೆಕೆಂಡು ಕಣ್ಣು ಮುಚ್ಚಿದರೂ, ಸೆಕೆಂಡಿಗೆ 24ರಂತೆ 120 ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು, ಹೋದವು. ಖಳನಿಗೆ ಆ ಯಂತ್ರ ಏಕೆ ಬೇಕು ಎಂಬ ಒಂದೇ ಒಂದು ಮಾತು ಅಲ್ಲಿದ್ದರೆ, ಮುಂದಿನದೆಲ್ಲ ಬರೀ ಸದ್ದು. ಹಾಗಾಗಿ ಕಥೆ ಅರ್ಥವಾಗದೆ ಹೋಗಿದ್ದರೆ ಅದರ ದೋಷ ಸ್ವಲ್ಪ ನಿಮ್ಮ ವಾರದ್ದು.

ಆದರೆ ಅರ್ಧ ಗಂಟೆಯ ಹೊಡೆದಾಟ ಬೇಸರ ತರಿಸುವುದಕ್ಕೆ ನಿದ್ದೆಗೆ ಸಂಬಂಧವಿಲ್ಲದ ಕಾರಣಗಳಿವೆ. ನಮ್ಮ ಮಟ್ಟಿಗೆ ಹೆಚ್ಚಿನ ಹೊಣೆ ಇಲ್ಲೇ ಇದೆ.

ಮೊದಲನೆಯದು ಕಣ್ಣಿನ ಲೆಕ್ಕ. ಪರದೆಯ ಒಂದು ಮೂಲೆಯಿಂದ ಇನ್ನೊಂದಕ್ಕೆ ನೋಟ ಹೊರಡಲು ಸುಮಾರು 0.2 ಸೆಕೆಂಡು ಬೇಕು, ಅಂದರೆ ಐದು ಫ್ರೇಮು. ನಾಯಕನ ಮುಷ್ಟಿ ಬಲಗಡೆ ಮುಗಿದು, ಮುಂದಿನ ಶಾಟಿನಲ್ಲಿ ಖಳನ ಮುಖ ಎಡಮೂಲೆಯಲ್ಲಿ ತೆರೆದುಕೊಂಡರೆ ಅಷ್ಟು ಫ್ರೇಮು ಹುಡುಕಾಟಕ್ಕೇ ಖರ್ಚು. ಶಾಟ್ ಒಂದು ಸೆಕೆಂಡಿನದಾದರೆ ಐದನೇ ಒಂದು ಭಾಗ ಹೋಯಿತು. ಒಳ್ಳೆಯ ಸಂಕಲನಕಾರರು ನೋಟ ಎಲ್ಲಿ ನಿಂತಿತ್ತೋ ಅಲ್ಲೇ ಮುಂದಿನ ಶಾಟಿನ ಮುಖ್ಯ ವಸ್ತು ಬರುವಂತೆ ಕತ್ತರಿಸುತ್ತಾರೆ. ಇದು ತಪ್ಪಿದ ಹೊಡೆದಾಟವನ್ನು ಚೆನ್ನಾಗಿ ನಿದ್ದೆ ಮಾಡಿದವರೂ ಹತ್ತು ನಿಮಿಷದಲ್ಲಿ ಕೈಬಿಡುತ್ತಾರೆ.

ಎರಡನೆಯದು ತೂಕ. 30 ಮೀಟರ್ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟಲು ಸುಮಾರು ಎರಡೂವರೆ ಸೆಕೆಂಡು ಬೇಕು. ನಮಗೆ ಸೂತ್ರ ಗೊತ್ತಿಲ್ಲದಿದ್ದರೂ ಬೀಳುವುದನ್ನು ನೋಡಿ ನೋಡಿ ಕಣ್ಣಿಗೆ ಗೊತ್ತು. ದೈತ್ಯರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಚಲನೆಯ ವೇಗ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇಳಿಯಬೇಕು: ಮನುಷ್ಯನ 50 ಪಟ್ಟು ಎತ್ತರದ ಪ್ರಾಣಿ ಮನುಷ್ಯನಿಗಿಂತ ಸುಮಾರು ಏಳು ಪಟ್ಟು ನಿಧಾನವಾಗಿ ಕೈ ಬೀಸಿದರೆ ಮಾತ್ರ ದೊಡ್ಡದಾಗಿ ಕಾಣುತ್ತದೆ. ಸಣ್ಣ ಮಾದರಿಗಳನ್ನು ಕಟ್ಟಿ ಚಿತ್ರೀಕರಿಸುತ್ತಿದ್ದವರಿಗೆ ಇದು ಕೈಗೆ ಹತ್ತಿದ ಪಾಠ. 16ನೇ ಒಂದು ಅಳತೆಯ ಮಾದರಿಗೆ ಕ್ಯಾಮೆರಾವನ್ನು ಸೆಕೆಂಡಿಗೆ 24ರ ಬದಲು 96 ಫ್ರೇಮಿನಲ್ಲಿ ಓಡಿಸುತ್ತಿದ್ದರು, ಪರದೆಯ ಮೇಲೆ ಚಲನೆ ನಾಲ್ಕು ಪಟ್ಟು ನಿಧಾನವಾಗಲೆಂದು. ಕಂಪ್ಯೂಟರಿನಲ್ಲಿ ಆ ತಡೆಯಿಲ್ಲ. ಗಡಿಬಿಡಿಯಲ್ಲಿ ದೈತ್ಯನನ್ನೂ ಮನುಷ್ಯನ ವೇಗದಲ್ಲೇ ಆಡಿಸಿಬಿಟ್ಟರೆ ಅವನು ಬೊಂಬೆಯಾಗುತ್ತಾನೆ. 1978ರ 'ಸೂಪರ್‌ಮ್ಯಾನ್' ಚಿತ್ರದ ಹಾರಾಟವನ್ನು ಇಂದಿಗೂ ನೆನೆಯುವುದರ ಹಿಂದೆ ಹೊಸ ಪ್ರೊಜೆಕ್ಷನ್ ತಂತ್ರವಿತ್ತು, ನಿಜ. ಜೊತೆಗೆ ಸ್ವತಃ ವಿಮಾನ ಹಾರಿಸಬಲ್ಲ ನಾಯಕನಟ ಕ್ರಿಸ್ಟೊಫರ್ ರೀವ್ ತಿರುವಿಗೆ ತಕ್ಕಂತೆ ಮೈ ವಾಲಿಸುತ್ತಿದ್ದರು. ತೂಕ ಬಂದದ್ದು ಆ ವಾಲಿಕೆಯಿಂದ.

ಇಂಥ ತಪ್ಪುಗಳಾಗುವುದು ಕೆಲಸ ಬಾರದವರಿಂದ ಅಲ್ಲ. ಬಿಡುಗಡೆಯ ದಿನ ಮೊದಲೇ ನಿಗದಿಯಾಗಿರುತ್ತದೆ. ಚಿತ್ರಕಥೆ ಗಟ್ಟಿಯಾಗುವ ಮುನ್ನವೇ ಹೊಡೆದಾಟಗಳನ್ನು ಕಚ್ಚಾ ಅನಿಮೇಷನ್ನಿನಲ್ಲಿ ಕಟ್ಟಿಡುವುದುಂಟು. ಹಿನ್ನೆಲೆ ನಗರವೋ, ಮರುಭೂಮಿಯೋ ಎಂದು ತೀರ್ಮಾನವಾಗದಿದ್ದರೆ ನಟರ ಮೇಲೆ ಎಲ್ಲ ಕಡೆಯಿಂದ ಸಮನಾದ ಮೆತ್ತನೆಯ ಬೆಳಕು ಬಿಡುತ್ತಾರೆ, ಯಾವ ಹಿನ್ನೆಲೆಗಾದರೂ ಅಂಟಿಸಬಹುದೆಂದು. ಸೂರ್ಯ ಎಲ್ಲಿದ್ದಾನೆಂದೇ ತಿಳಿಯದ ಆ ಚಪ್ಪಟೆ ಮುಖಗಳು ಅಲ್ಲಿಂದ ಬಂದವು. ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ, ಸಾವಿರಕ್ಕೂ ಮಿಕ್ಕ ವಿಎಫ್‌ಎಕ್ಸ್ ಶಾಟುಗಳು ಹಲವು ಸಂಸ್ಥೆಗಳಿಗೆ ಹಂಚಿಹೋಗುತ್ತವೆ. ಕೊನೆಯ ವಾರಗಳಲ್ಲಿ ಕ್ಲೈಮ್ಯಾಕ್ಸ್ ಬದಲಾದರೆ, ಅದನ್ನು ಮುಗಿಸುವ ಕಲಾವಿದರು ನಿಮಗಿಂತ ಹೆಚ್ಚು ನಿದ್ದೆಗೆಟ್ಟಿರುತ್ತಾರೆ. ಅವರನ್ನು ದೂರಬೇಡಿ.

ಮೂರನೆಯದು, ಸೋತರೆ ಏನು ಹೋಗುತ್ತದೆ ಎಂಬುದು. ಕಟ್ಟಡಗಳು ಉರುಳುತ್ತವೆ, ನಾಯಕನಿಗೆ ಗೀರು ಕೂಡ ಬೀಳುವುದಿಲ್ಲ. ಲೋಕವೇ ಮುಳುಗುತ್ತದೆ ಎಂದರೆ ಯಾರೂ ನಂಬುವುದಿಲ್ಲ, ಮುಂದಿನ ಭಾಗ ಬರುವುದು ಎಲ್ಲರಿಗೂ ಗೊತ್ತು. ಒಬ್ಬ ಗೆಳೆಯನ ನಂಬಿಕೆ ಹೋಗುತ್ತದೆ ಎಂದರೆ ನಂಬುತ್ತೇವೆ.

ಈಗ ನೀವು ಮಾಡಬೇಕಾದ್ದು. ಚಿತ್ರ ಮನೆಯಲ್ಲಿ ನೋಡಲು ಸಿಕ್ಕಾಗ, ಎರಡು ರಾತ್ರಿ ಚೆನ್ನಾಗಿ ಮಲಗಿ, ರಜೆಯ ಬೆಳಗ್ಗೆ ಕ್ಲೈಮ್ಯಾಕ್ಸಿನ ಹತ್ತು ನಿಮಿಷವನ್ನು ಸದ್ದಿಲ್ಲದೆ ನೋಡಿ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ಯಾರು ಎಲ್ಲಿದ್ದಾರೆ, ಈಗ ಏನು ಸಾಧಿಸಲು ನೋಡುತ್ತಿದ್ದಾರೆ ಎಂದು ಕಾಗದದ ಮೇಲೆ ಬರೆಯಿರಿ. ಬರೆಯಲು ಬಂದರೆ ಶುಕ್ರವಾರದ ರಾತ್ರಿಯದ್ದೇ ತಪ್ಪು. ಮೊದಲ ಪ್ರಶ್ನೆಗೆ ತಡವರಿಸಿದರೆ ಶಾಟ್ ಜೋಡಣೆ ಕೆಟ್ಟಿದೆ. ಎರಡನೆಯದಕ್ಕೆ ತಡವರಿಸಿದರೆ ಕ್ಲೈಮ್ಯಾಕ್ಸನ್ನು ಬಿಟ್ಟು ಚಿತ್ರದ ಮೊದಲ ಅರ್ಧ ಗಂಟೆಗೆ ಹೋಗಿ, ನಾಯಕನಿಗೂ ಖಳನಿಗೂ ಬೇಕಾದದ್ದೇನೆಂದು ಹೇಳುವ ದೃಶ್ಯ ಹುಡುಕಿ. ಅದು ಅಲ್ಲಿ ಇಲ್ಲದಿದ್ದರೆ, ನೀವು ತೂಕಡಿಸುವುದಕ್ಕೆ ಒಂದೂವರೆ ಗಂಟೆ ಮೊದಲೇ ಚಿತ್ರ ಕೆಟ್ಟಿತ್ತು.