‘ದಿ ಹಂಗರ್ ಗೇಮ್ಸ್’ ಕಾದಂಬರಿ ಅದಕ್ಕೆ ಸಿಕ್ಕ ಪ್ರಚಾರಕ್ಕೆ ತಕ್ಕಂತಿದೆಯೇ?

ನೀವು ಎರಡು ವಿಷಯ ಕೇಳಿದ್ದೀರಿ. ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ ಕಾದಂಬರಿಯನ್ನು ನಲವತ್ತರ ಆಸುಪಾಸಿನಲ್ಲಿರುವ ನೀವು ಈಗ ಕೈಗೆತ್ತಿಕೊಂಡರೆ ಅದರಲ್ಲಿ ಹುರುಳೇನಾದರೂ ಸಿಕ್ಕೀತೇ, ಇಲ್ಲವೇ ಅದೆಲ್ಲ ಬರೀ ಪ್ರಚಾರದ ಅಬ್ಬರವೇ ಎಂಬುದು ಮೊದಲನೆಯದು. ಹದಿಮೂರು ವರ್ಷದ ಮಗಳಿಗೆ ಅದನ್ನು ಓದಲು ಕೊಡಬಹುದೇ ಎಂಬುದು ಎರಡನೆಯದು. ಓದಿ ಎಂದೇ ಹೇಳುತ್ತೇನೆ, ಆದರೆ ಅದನ್ನು ಯಾವ ಕಾರಣಕ್ಕೆ ಎಲ್ಲರೂ ಹೊಗಳಿದರೋ ಆ ಕಾರಣಕ್ಕಾಗಿ ಅಲ್ಲ. ಪ್ರೇಮ, ಕಾಳಗ, ಬಿಲ್ಲು ಹಿಡಿದ ಹುಡುಗಿ ಎಂದೆಲ್ಲ ಮಾರಾಟವಾದ ಈ ಪುಸ್ತಕ ನನ್ನ ಮಟ್ಟಿಗೆ ಪಡಿತರದ ಕಾದಂಬರಿ. ಹಸಿವನ್ನು ಒಂದು ಆಡಳಿತ ಹೇಗೆ ಲೆಕ್ಕ ಹಾಕಿ ಬಳಸಿಕೊಳ್ಳುತ್ತದೆ ಎಂಬುದನ್ನು ಮಕ್ಕಳಿಗೂ ಅರ್ಥವಾಗುವಷ್ಟು ಸರಳವಾಗಿ ತೋರಿಸಿರುವುದೇ ಅದರ ಹೆಚ್ಚುಗಾರಿಕೆ. ಇದನ್ನು ವಿವರಿಸುವಾಗ ಕಥೆಯ ಕೆಲವು ತಿರುವುಗಳನ್ನು ಹೇಳದೆ ವಿಧಿಯಿಲ್ಲ, ಕ್ಷಮಿಸಿ.

ಕಾದಂಬರಿ 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಕೊಲಾಸ್ಟಿಕ್ ಪ್ರಕಾಶನದಿಂದ ಹೊರಬಂತು. ಮುಂದಿನ ಎರಡು ಭಾಗಗಳು 2009 ಮತ್ತು 2010ರಲ್ಲಿ ಬಂದವು. 2012ರಲ್ಲಿ ಜೆನ್ನಿಫರ್ ಲಾರೆನ್ಸ್ ನಟಿಸಿದ ಚಲನಚಿತ್ರ ಬಂದ ಮೇಲಂತೂ ಅಬ್ಬರ ಮುಗಿಲು ಮುಟ್ಟಿತು; ಸರಣಿಯ 10 ಕೋಟಿಗೂ ಹೆಚ್ಚು ಪ್ರತಿಗಳು ಜಗತ್ತಿನಾದ್ಯಂತ ಮಾರಾಟವಾಗಿವೆ. ನಾನು ಓದಿದ್ದು ಆ ಗದ್ದಲವೆಲ್ಲ ಅಡಗಿದ ಮೇಲೆ, ಅಕ್ಕನ ಮಗಳು ಓದಿ ಮುಗಿಸಿ ಬದಿಗಿಟ್ಟಿದ್ದ ಪ್ರತಿಯಲ್ಲಿ. ಒಬ್ಬ ಹುಡುಗಿ, ಇಬ್ಬರು ಹುಡುಗರು, ಅವಳು ಯಾರನ್ನು ಒಪ್ಪುತ್ತಾಳೆ ಎಂಬ ಚರ್ಚೆಯನ್ನೇ ಎಲ್ಲೆಡೆ ಕೇಳಿದ್ದ ನನಗೆ ಅಷ್ಟೇನೂ ನಿರೀಕ್ಷೆ ಇರಲಿಲ್ಲ.

ಕಥೆ ಇಷ್ಟು. ಉತ್ತರ ಅಮೆರಿಕದ ಅವಶೇಷಗಳ ಮೇಲೆ ಎದ್ದು ನಿಂತ ಪ್ಯಾನೆಮ್ ಎಂಬ ದೇಶ. ನಡುವೆ ಐಶ್ವರ್ಯದಲ್ಲಿ ಮುಳುಗಿರುವ ಕ್ಯಾಪಿಟಲ್ ಎಂಬ ರಾಜಧಾನಿ, ಅದಕ್ಕಾಗಿ ದುಡಿಯುವ 12 ಜಿಲ್ಲೆಗಳು. ಜಿಲ್ಲೆಗಳು ಹಿಂದೊಮ್ಮೆ ದಂಗೆ ಎದ್ದು ಸೋತದ್ದಕ್ಕೆ ಶಿಕ್ಷೆಯಾಗಿ, ಪ್ರತಿ ವರ್ಷ ಪ್ರತಿ ಜಿಲ್ಲೆಯೂ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಕಳುಹಿಸಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವವರೆಗೆ ಪರಸ್ಪರ ಕೊಲ್ಲಬೇಕು, ಅದನ್ನು ಇಡೀ ದೇಶ ಟಿ.ವಿ.ಯಲ್ಲಿ ನೇರವಾಗಿ ನೋಡಲೇಬೇಕು. ಕಲ್ಲಿದ್ದಲು ಗಣಿಯ 12ನೇ ಜಿಲ್ಲೆಯಲ್ಲಿ ತಂಗಿ ಪ್ರಿಮ್‌ಳ ಹೆಸರು ಬಂದಾಗ, ಅವಳ ಬದಲು ತಾನೇ ಹೋಗುತ್ತೇನೆಂದು ಮುಂದೆ ಬರುವ ಹದಿನಾರರ ಕ್ಯಾಟ್ನಿಸ್ ಎವರ್‌ಡೀನ್ ನಮಗೆ ಕಥೆ ಹೇಳುವವಳು. ಒಂದು ರಾತ್ರಿ ಟಿ.ವಿ. ವಾಹಿನಿಗಳನ್ನು ಬದಲಾಯಿಸುತ್ತಿದ್ದಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ತಮ್ಮ ಮನಸ್ಸಿನಲ್ಲಿ ಒಂದರೊಳಗೊಂದು ಬೆರೆತವೆಂದೂ, ಅಥೆನ್ಸ್ ನಗರ ಕ್ರೀಟ್ ದ್ವೀಪದ ಮಿನೋಟಾರ್ ಎಂಬ ನರಭಕ್ಷಕ ದೈತ್ಯನಿಗೆ ಮಕ್ಕಳನ್ನು ಕಳುಹಿಸುತ್ತಿದ್ದ ಗ್ರೀಕ್ ಕಥೆ ಇದರ ಹಿಂದಿದೆಯೆಂದೂ ಕಾಲಿನ್ಸ್ ಹೇಳಿದ್ದಾರೆ.

ನಮಗಾದರೋ ತಕ್ಷಣ ನೆನಪಾಗುವುದು ಏಕಚಕ್ರಪುರದ ಬಕಾಸುರ. ಅಲ್ಲೂ ಬಂಡಿ ಅನ್ನದ ಜೊತೆ ಒಬ್ಬ ಮನುಷ್ಯ ಹೋಗಬೇಕು. ಆದರೆ ಏಕಚಕ್ರಪುರದಲ್ಲಿ ಮನೆಮನೆಗೂ ಸರದಿ ಬರುತ್ತದೆ. ಪ್ಯಾನೆಮ್‌ನಲ್ಲಿ ಸರದಿಯಿಲ್ಲ, ಚೀಟಿಯಿದೆ. ಆ ಚೀಟಿಯೂ ಎಲ್ಲರಿಗೂ ಸಮನಾಗಿಲ್ಲ. ಇಲ್ಲಿ ಪುಸ್ತಕ ಚುರುಕಾಗುತ್ತದೆ.

ಹನ್ನೆರಡು ತುಂಬಿದ ಮಗುವಿನ ಹೆಸರಿನಲ್ಲಿ ಗಾಜಿನ ಬುಟ್ಟಿಗೆ ಒಂದು ಚೀಟಿ ಬೀಳುತ್ತದೆ, ಹದಿಮೂರಕ್ಕೆ ಎರಡು, ಹೀಗೆ ಹದಿನೆಂಟಕ್ಕೆ ಏಳು. ಬಡವರಿಗೆ ಸರಕಾರ ಇನ್ನೊಂದು ‘ಸೌಲಭ್ಯ’ವನ್ನೂ ಕೊಡುತ್ತದೆ: ಹೆಚ್ಚುವರಿ ಚೀಟಿಗೆ ಒಪ್ಪಿದರೆ ಒಂದು ಟೆಸೆರಾ, ಅಂದರೆ ಒಬ್ಬರಿಗೆ ಒಂದು ವರ್ಷಕ್ಕೆ ಹೇಗೋ ಸಾಲುವಷ್ಟು ಧಾನ್ಯ ಮತ್ತು ಎಣ್ಣೆ. ಮನೆಯಲ್ಲಿರುವ ಪ್ರತಿಯೊಬ್ಬರ ಲೆಕ್ಕದಲ್ಲೂ ಒಂದೊಂದು ಪಡೆಯಬಹುದು, ಮತ್ತು ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ. ತಾಯಿ, ತಂಗಿ ಮತ್ತು ತನಗಾಗಿ ವರ್ಷಕ್ಕೆ ಮೂರರಂತೆ ಪಡೆದ ಕ್ಯಾಟ್ನಿಸ್‌ಳ ಹೆಸರು ಹದಿನಾರಕ್ಕೆ 20 ಬಾರಿ ಬುಟ್ಟಿಯಲ್ಲಿದೆ. ಐದು ಜನರ ಸಂಸಾರವನ್ನು ಹೊತ್ತ ಅವಳ ಬೇಟೆಯ ಜೊತೆಗಾರ ಗೇಲ್‌ನ ಹೆಸರು ಹದಿನೆಂಟಕ್ಕೆ 42 ಬಾರಿ. ಟೆಸೆರಾದ ಅಗತ್ಯವೇ ಇಲ್ಲದ ಮೇಯರ್ ಮಗಳು ಮ್ಯಾಜ್‌ಗೆ ಹೆಚ್ಚೆಂದರೆ ಐದು. ಆ ದಿನ ಬೆಳಿಗ್ಗೆ ಸ್ಟ್ರಾಬೆರಿ ಮಾರಲು ಅವಳ ಮನೆಯ ಹಿತ್ತಲಿಗೆ ಹೋದ ಗೇಲ್, ಅವಳ ಒಳ್ಳೆಯ ಉಡುಪನ್ನು ನೋಡಿ ಚುಚ್ಚಿ ಮಾತಾಡುತ್ತಾನೆ. ಹನ್ನೆರಡರಲ್ಲೇ ತನ್ನ ಹೆಸರಿನಲ್ಲಿ ಆರು ಚೀಟಿಗಳಿದ್ದವೆಂದು ನೆನಪಿಸುತ್ತಾನೆ. ಅವಳ ತಪ್ಪೇನೂ ಇಲ್ಲ, ಅವನ ಸಿಟ್ಟೂ ಸುಳ್ಳಲ್ಲ. ಹಸಿದವರು ಮತ್ತು ರಾತ್ರಿಯ ಊಟ ಖಾತ್ರಿಯಿರುವವರು ಒಬ್ಬರನ್ನೊಬ್ಬರು ನಂಬದಂತೆ ಮಾಡುವುದೇ ಈ ಏರ್ಪಾಡಿನ ಉದ್ದೇಶ ಎಂದು ಗೇಲ್ ಕಾಡಿನಲ್ಲಿ ಕೂಗಾಡುವುದನ್ನು ಕ್ಯಾಟ್ನಿಸ್ ಇದೇ ಪುಟಗಳಲ್ಲಿ ನೆನೆಯುತ್ತಾಳೆ. ಒಡೆದು ಆಳುವುದೆಂದರೇನು ಎಂದು ಪಠ್ಯಪುಸ್ತಕದಲ್ಲಿ ಓದಿ ಮರೆತ ಮಗುವಿಗೂ ಈ ಲೆಕ್ಕ ಮರೆಯುವುದಿಲ್ಲ. ಇದೆಲ್ಲ ಮೊದಲ ಅಧ್ಯಾಯದಲ್ಲೇ, ಯಾವ ಭಾಷಣವೂ ಇಲ್ಲದೆ ಮುಗಿದುಹೋಗುತ್ತದೆ.

ಅಲ್ಲಿಂದ ಮುಂದೆ ಕಥೆ ತಿರುಗುವಲ್ಲೆಲ್ಲ ಅನ್ನದ ವಿಷಯವಿದೆ. ತಂದೆ ಗಣಿ ಸ್ಫೋಟದಲ್ಲಿ ಸತ್ತು ಮನೆಯವರೆಲ್ಲ ಹಸಿವಿನಿಂದ ಸಾಯುವ ಹಂತಕ್ಕೆ ಬಂದಾಗ, ಬೇಕರಿಯವರ ಮಗ ಪೀಟಾ ಬೇಕೆಂದೇ ಬ್ರೆಡ್ ಸುಟ್ಟು, ತಾಯಿಯಿಂದ ಏಟು ತಿಂದು, ಹಂದಿಗೆ ಹಾಕುವವನಂತೆ ನಟಿಸಿ ಮಳೆಯಲ್ಲಿ ನಿಂತಿದ್ದ ಹನ್ನೊಂದರ ಕ್ಯಾಟ್ನಿಸ್‌ಳತ್ತ ಎಸೆದಿರುತ್ತಾನೆ. ಈಗ ಅದೇ ಪೀಟಾ ಅವಳ ಜೊತೆ ಸಾವಿನ ಕಣಕ್ಕೆ ಬಂದಿದ್ದಾನೆ. ಅವರಿಬ್ಬರ ನಡುವಿನ ‘ಪ್ರೇಮ’ವೂ ಬಹುಮಟ್ಟಿಗೆ ಹೊಟ್ಟೆಪಾಡೇ. ನೋಡುಗರು ಮೆಚ್ಚಿದರೆ ಪ್ರಾಯೋಜಕರು ಹಣ ಕೊಡುತ್ತಾರೆ, ಹಣ ಬಂದರೆ ಮಾರ್ಗದರ್ಶಕ ಹೇಮಿಚ್ ಪುಟ್ಟ ಬೆಳ್ಳಿ ಪ್ಯಾರಾಚೂಟ್‌ನಲ್ಲಿ ಔಷಧವನ್ನೋ ಊಟವನ್ನೋ ಇಳಿಸುತ್ತಾನೆ. ಒಮ್ಮೆ ಕ್ಯಾಟ್ನಿಸ್ ಬಾಯಾರಿ ಬಿದ್ದು ನೀರಿಗಾಗಿ ಬೇಡಿಕೊಂಡರೂ ಅವನು ಏನನ್ನೂ ಕಳುಹಿಸುವುದಿಲ್ಲ. ಅವನು ಕುಡುಕನಾದರೂ ಕ್ರೂರಿಯಲ್ಲ. ಹಾಗಾದರೆ ನೀರು ಹತ್ತಿರದಲ್ಲೇ ಇರಬೇಕು ಎಂದು ಅವಳು ಆ ಮೌನವನ್ನು ಓದಿಕೊಂಡು, ತೆವಳುತ್ತಾ ಹೋಗಿ ಕೊಳವನ್ನು ಕಂಡುಕೊಳ್ಳುತ್ತಾಳೆ. ಮುಂದೆ ಗಾಯಗೊಂಡ ಪೀಟಾನಿಗೆ ಮುತ್ತಿಟ್ಟಾಗ ಬಿಸಿ ಸಾರಿನ ಪಾತ್ರೆ ಬಂದಿಳಿಯುತ್ತದೆ. ಒಂದು ಮುತ್ತಿಗೆ ಒಂದು ಪಾತ್ರೆ ಸಾರು ಎಂಬ ದರ ಅವಳಿಗೆ ತಕ್ಷಣ ತಿಳಿಯುತ್ತದೆ. ಚಲನಚಿತ್ರದಲ್ಲಿ ಹೇಮಿಚ್ ಉಡುಗೊರೆಯ ಜೊತೆ ಚೀಟಿ ಬರೆದು ಕಳುಹಿಸುತ್ತಾನೆ. ಊಹಿಸುವ ಕೆಲಸವೇ ಇಲ್ಲದ ಮೇಲೆ ಆ ಸಂಬಂಧದ ಸೊಗಸೂ ಇಲ್ಲ. ಆದ್ದರಿಂದ ಚಿತ್ರವನ್ನು ನೋಡುವುದಿದ್ದರೆ ಪುಸ್ತಕ ಓದಿದ ಮೇಲೆ ನೋಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಭಾಗ ಬೇರೆ. ಬೇಸಾಯದ 11ನೇ ಜಿಲ್ಲೆಯಿಂದ ಬಂದ ಹನ್ನೆರಡು ವರ್ಷದ ರೂ ಎಂಬ ಹುಡುಗಿ ಕ್ಯಾಟ್ನಿಸ್‌ಳ ಜೊತೆಗಾತಿಯಾಗುತ್ತಾಳೆ. ಇಡೀ ದೇಶಕ್ಕೆ ಬೆಳೆದು ಕೊಡುವ ತಮ್ಮ ಜಿಲ್ಲೆಯಲ್ಲಿ ಬೆಳೆಯನ್ನು ಬಾಯಿಗೆ ಹಾಕಿಕೊಂಡು ಸಿಕ್ಕಿಬಿದ್ದರೆ ಎಲ್ಲರೆದುರು ಚಾವಟಿಯೇಟು ಬೀಳುತ್ತದೆಂದು ಅವಳು ಮಾಮೂಲಿ ಸಂಗತಿಯೆಂಬಂತೆ ಹೇಳುತ್ತಾಳೆ. ರೂ ಸತ್ತಾಗ ಕ್ಯಾಟ್ನಿಸ್ ಅವಳ ದೇಹವನ್ನು ಹೂಗಳಿಂದ ಮುಚ್ಚುತ್ತಾಳೆ. ಈ ದೃಶ್ಯವನ್ನು ಎಲ್ಲರೂ ಮೆಚ್ಚಿಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಅದರ ನಂತರದ ಅರ್ಧ ಪುಟದ ಬಗ್ಗೆ. ಪ್ಯಾರಾಚೂಟ್‌ನಲ್ಲಿ ಒಂದು ಬ್ರೆಡ್ ಇಳಿದು ಬರುತ್ತದೆ: ಅರ್ಧಚಂದ್ರಾಕಾರದ್ದು, ಮೇಲೆ ಬೀಜಗಳನ್ನು ಉದುರಿಸಿದ್ದು, 11ನೇ ಜಿಲ್ಲೆಯದು. ಇದಕ್ಕೆ ಕಾಸು ಕೂಡಿಸಲು ಎಷ್ಟು ಮನೆಗಳು ಉಪವಾಸ ಬಿದ್ದಿರಬಹುದು, ಇದು ರೂಗೆಂದೇ ಸಿದ್ಧವಾಗಿತ್ತೇನೋ ಎಂದು ಕ್ಯಾಟ್ನಿಸ್ ಯೋಚಿಸುತ್ತಾಳೆ, ನಂತರ ಕ್ಯಾಮೆರಾಗಳಿಗೆ ಕೇಳುವಂತೆ ಆ ಜಿಲ್ಲೆಯ ಜನರಿಗೆ ಧನ್ಯವಾದ ಹೇಳುತ್ತಾಳೆ. ಮೊದಲ ಅಧ್ಯಾಯದ ಲೆಕ್ಕದಲ್ಲಿ ಅನ್ನ ಜನರನ್ನು ಒಡೆದಿತ್ತು. ಇಲ್ಲಿ ಒಂದು ಜಿಲ್ಲೆ ತನ್ನ ಅನ್ನವನ್ನು ಇನ್ನೊಂದು ಜಿಲ್ಲೆಯ ಹುಡುಗಿಗೆ ಕೊಡುತ್ತದೆ. ಚಿತ್ರದಲ್ಲಿ ಈ ಬ್ರೆಡ್ ಇಲ್ಲ, ಬದಲಿಗೆ ಒಂದು ಗಲಭೆಯ ದೃಶ್ಯವಿದೆ. ಅದು ಕಣ್ಣಿಗೆ ಹಬ್ಬವಾಗಬಹುದು, ಆದರೆ ಗಲಭೆಯನ್ನು ಯಾವ ಚಿತ್ರದಲ್ಲಾದರೂ ನೋಡಬಹುದು.

ಇನ್ನು ಕೊರತೆಗಳು. ಲೇಖಕಿ ತನ್ನ ನಾಯಕಿಯ ಕೈಯನ್ನು ಸಾಧ್ಯವಾದಷ್ಟು ಸ್ವಚ್ಛವಾಗಿಟ್ಟಿದ್ದಾರೆ, ಇದು ನನಗೆ ದೊಡ್ಡ ತಕರಾರು. ಕ್ಯಾಟ್ನಿಸ್ ಕೊಲ್ಲುವುದೇ ಇಲ್ಲವೆಂದಲ್ಲ: ವಿಷದ ಕಣಜಗಳ ಗೂಡನ್ನು ಬೀಳಿಸುತ್ತಾಳೆ, ರೂಳನ್ನು ಇರಿದವನಿಗೆ ಬಾಣ ಬಿಡುತ್ತಾಳೆ, ಕೊನೆಯಲ್ಲಿ ನರಳುತ್ತಿರುವ ಎದುರಾಳಿ ಕೇಟೋನಿಗೆ ದಯೆಯಿಂದ ಸಾವು ಕೊಡುತ್ತಾಳೆ. ಆದರೆ ಅವಳು ನಿಜಕ್ಕೂ ಕೊಲ್ಲಲು ಹಿಂಜರಿಯಬೇಕಾದವರನ್ನು ಕಥೆಯೇ ಅವಳ ದಾರಿಯಿಂದ ಸರಿಸುತ್ತದೆ. ರೂ ಬೇರೊಬ್ಬನ ಈಟಿಗೆ ಬಲಿಯಾಗುತ್ತಾಳೆ. ರೂಳ ನೆನಪಿಗಾಗಿ ಇವಳನ್ನು ಕೊಲ್ಲದೆ ಬಿಟ್ಟ, ರೂಳ ಜಿಲ್ಲೆಯವನೇ ಆದ ಥ್ರೆಶ್ ಕೂಡ ಇವಳ ಕಣ್ಣಿಗೆ ಬೀಳದೆ ಸಾಯುತ್ತಾನೆ. ಇಷ್ಟು ಭೀಕರವಾದ ಆಟದ ನಿಯಮವನ್ನು ಕಟ್ಟಿಕೊಂಡ ಮೇಲೆ ಅದರ ಅತ್ಯಂತ ಕಹಿಯಾದ ಪ್ರಶ್ನೆಯನ್ನು ಎದುರಿಸದೆ ಜಾರಿಕೊಳ್ಳಬಾರದಿತ್ತು. ಕೊನೆಗೆ ಸತ್ತ ಮಕ್ಕಳ ಕಣ್ಣುಗಳನ್ನು ಹೋಲುವ ತೋಳದಂಥ ಪ್ರಾಣಿಗಳು ಬರುವುದಂತೂ ಅನಗತ್ಯವಾದ ಅಬ್ಬರ. ಮನುಷ್ಯರ ಕ್ರೌರ್ಯವೇ ಸಾಕಾಗಿತ್ತು. ಕ್ಯಾಪಿಟಲ್‌ನ ಜನರೂ ಬಣ್ಣದ ಕೂದಲಿನ ಗೊಂಬೆಗಳಂತೆ ತೋರುತ್ತಾರೆ, ವೇಷಭೂಷಣ ಮಾಡುವ ಸಿನ್ನಾ ಒಬ್ಬನನ್ನು ಬಿಟ್ಟರೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಚಿಕ್ಕ ವಾಕ್ಯಗಳು, ವರ್ತಮಾನ ಕಾಲದ ನಿರೂಪಣೆ. ಕಾಲಿನ್ಸ್ ಮೊದಲು ಮಕ್ಕಳ ಟಿ.ವಿ. ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು ಎಂಬುದು ಎದ್ದು ಕಾಣುತ್ತದೆ. ಮೂರು ಭಾಗಗಳಲ್ಲಿ ತಲಾ ಒಂಬತ್ತರಂತೆ 27 ಅಧ್ಯಾಯಗಳಿವೆ, ಬಹುತೇಕ ಎಲ್ಲವೂ ಧಾರಾವಾಹಿಯ ಕಂತಿನ ಹಾಗೆ ಕುತೂಹಲದ ತುದಿಯಲ್ಲಿ ನಿಲ್ಲುತ್ತವೆ. ವರ್ಣನೆಯ ಸೊಬಗನ್ನು ಹುಡುಕುವವರಿಗೆ ಇದು ನಿರಾಸೆ ತರಬಹುದು, ಕೆಳಗಿಡುವುದಂತೂ ಕಷ್ಟ. 1999ರಲ್ಲಿ ಜಪಾನಿನಲ್ಲಿ ಬಂದ ‘ಬ್ಯಾಟಲ್ ರಾಯಲ್’ ಕಾದಂಬರಿಯ ನಕಲು ಎಂಬ ಆರೋಪವನ್ನು ನೀವೂ ಕೇಳಿರಬಹುದು. ತಮ್ಮ ಹಸ್ತಪ್ರತಿ ಕೊಡುವವರೆಗೆ ಅದರ ಹೆಸರನ್ನೇ ಕೇಳಿರಲಿಲ್ಲವೆಂದು ಕಾಲಿನ್ಸ್ ಹೇಳಿದ್ದಾರೆ. ಮಕ್ಕಳು ಮಕ್ಕಳನ್ನು ಕೊಲ್ಲುವ ಆಟ ಎರಡರಲ್ಲೂ ಇದೆ, ನಿಜ. ಆದರೆ ನಾನು ಮೇಲೆ ವಿವರಿಸಿದ ಪಡಿತರದ ಲೆಕ್ಕವೇ ಈ ಪುಸ್ತಕದ ತಿರುಳಾದ್ದರಿಂದ ಆ ಆರೋಪ ನನಗೆ ಮುಖ್ಯವೆನಿಸಲಿಲ್ಲ.

ಪುಸ್ತಕ ಎಷ್ಟು ದೂರ ಹೋಯಿತೆಂಬುದಕ್ಕೆ ಒಂದು ಮಾತು. ಮೂರು ಬೆರಳನ್ನು ತುಟಿಗೆ ಮುಟ್ಟಿಸಿ ಮುಂದಕ್ಕೆ ಚಾಚುವ ಸನ್ನೆ ಕಥೆಯಲ್ಲಿ 12ನೇ ಜಿಲ್ಲೆಯ ಹಳೆಯ ಸಂಪ್ರದಾಯ, ಆಗೊಮ್ಮೆ ಈಗೊಮ್ಮೆ ಶವಸಂಸ್ಕಾರದಲ್ಲಿ ಕಾಣುವಂಥದ್ದು. 2014ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಥಾಯ್ಲೆಂಡ್‌ನ ಪ್ರತಿಭಟನಕಾರರು ಮೂರು ಬೆರಳೆತ್ತಿ ನಿಂತರು, 2021ರಲ್ಲಿ ಮ್ಯಾನ್ಮಾರ್‌ನಲ್ಲೂ ಜನ ಹಾಗೆಯೇ ನಿಂತರು. ಪ್ರೇಮಕಥೆಯೆಂದು ಮಾರಿದ್ದನ್ನು ಅವರು ಸರಿಯಾಗಿಯೇ ಓದಿಕೊಂಡಿದ್ದರು.

ಈಗ ನಿಮ್ಮ ಮಗಳ ವಿಷಯ. ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ 2010 ಮತ್ತು 2011ರ ಪಟ್ಟಿಗಳಲ್ಲಿ ಇದೂ ಇತ್ತು, ಕೊಟ್ಟ ಹಲವು ಕಾರಣಗಳಲ್ಲಿ ಹಿಂಸೆಯೂ ಒಂದು. ಹಿಂಸೆ ಇರುವುದು ಹೌದು. ಕಣಜ ಕಚ್ಚಿ ಊದಿಕೊಂಡ ದೇಹ, ಕೊನೆಯಲ್ಲಿ ರಾತ್ರಿಯಿಡೀ ಕೇಳುವ ಕೇಟೋನ ನರಳಾಟ, ಇವು ಸುಲಭವಾಗಿ ಮರೆಯುವಂಥವಲ್ಲ. ಆದರೆ ಸಾವನ್ನು ಎಲ್ಲಿಯೂ ತಮಾಷೆ ಮಾಡಿಲ್ಲ, ನೋಡಿ ಚಪ್ಪಾಳೆ ತಟ್ಟುವವರನ್ನೇ ಕಟಕಟೆಯಲ್ಲಿ ನಿಲ್ಲಿಸಲಾಗಿದೆ. ಹದಿಮೂರರ ಮಗು ಮೊಬೈಲಿನಲ್ಲಿ ಆಡುವ ಗುಂಡಿನ ಆಟಗಳಿಗಿಂತ ಇದು ಎಷ್ಟೋ ಜವಾಬ್ದಾರಿಯುತ ಎಂಬುದು ನನ್ನ ಅಭಿಪ್ರಾಯ. ಸಾಧ್ಯವಾದರೆ ನೀವು ಮೊದಲು ಓದಿ, ಅವಳು ರೂ ಸಾಯುವ ಭಾಗ ಮುಗಿಸಿದಾಗ ಮಾತಿಗೆ ಸಿಗುವಂತೆ ಇರಿ.

ಸರಣಿಯನ್ನು ಮುಂದುವರಿಸಲೇಬೇಕೆಂದಿಲ್ಲ. ಎರಡನೆಯ ಭಾಗದ ಮೊದಲರ್ಧ ಚೆನ್ನಾಗಿದೆ, ಆಮೇಲೆ ಮತ್ತೆ ಕಣಕ್ಕೇ ಮರಳುತ್ತದೆ. ಮೂರನೆಯದು ನೇರವಾಗಿ ಯುದ್ಧದ ಕಥೆ. ಬಂಡಾಯದವರನ್ನೂ ಬಿಡದೆ ಪ್ರಶ್ನಿಸುವ ಅದು ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು, ಅತ್ಯಂತ ಕಠೋರವಾದದ್ದೂ ಹೌದು. 2020 ಮತ್ತು 2025ರಲ್ಲಿ ಬಂದ ಪೂರ್ವಕಥೆಗಳನ್ನು ಇವೆಲ್ಲ ಮುಗಿದ ಮೇಲೆ ನೋಡಿದರಾಯಿತು. ಮೂರನೆಯದನ್ನು ಮಗಳಿಗೆ ಒಂದೆರಡು ವರ್ಷ ತಡೆದು ಕೊಡುವುದು ಒಳ್ಳೆಯದು. ಎರಡನೆಯದರ ಕೊನೆಯ ಪುಟ ಓದಿದ ಮೇಲೆ ಅವಳು ಅಷ್ಟು ದಿನ ನಿಮ್ಮ ಮಾತು ಕೇಳಿ ಸುಮ್ಮನಿರುತ್ತಾಳೆಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ.